ಹನ್ನೆರಡು ಬೈ ಹತ್ತರ ಕೋಣೆಗೆ ಎಷ್ಟು ಬಾಕ್ಸ್ ಟೈಲ್ಸ್?

ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಮಲಗುವ ಕೋಣೆ. ಅಂಗಡಿಯಲ್ಲಿ ಲೆಕ್ಕ ಬಾಯಲ್ಲೇ ಮುಗಿಯುತ್ತದೆ: 120 ಚದರ ಅಡಿ, ‘ಟೂ ಬೈ ಟೂ’ ಟೈಲ್ಸ್ ಒಂದಕ್ಕೆ 4 ಚದರ ಅಡಿ, ಒಟ್ಟು 30. ಬಾಕ್ಸಿಗೆ ನಾಲ್ಕರಂತೆ ಏಳೂವರೆ, ಅಂದರೆ 8 ಬಾಕ್ಸ್. ಅಷ್ಟನ್ನೇ ತಂದರೆ ಮೇಸ್ತ್ರಿ ಅರ್ಧ ಕೆಲಸದಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ.

ಬಾಕ್ಸಿನ ಮೇಲೆ ಅಚ್ಚಾಗಿರುವ ಅಳತೆ ನೋಡಿ: 600 ಮಿ.ಮೀ. ಎರಡು ಅಡಿಯೆಂದರೆ 609.6 ಮಿ.ಮೀ. ಹಾಗಾಗಿ ಒಂದು ಟೈಲ್ಸ್ ಮುಚ್ಚುವುದು 3.875 ಚದರ ಅಡಿ, ಒಂದು ಬಾಕ್ಸ್ 15.5 ಚದರ ಅಡಿ. ಬಿಲ್ ಮಾತ್ರ ಕೆಲವೊಮ್ಮೆ 16ರ ಲೆಕ್ಕದಲ್ಲೇ ಬರುತ್ತದೆ. ದರ ಕೇಳುವಾಗಲೇ ಇದನ್ನೂ ಕೇಳಿಬಿಡುವುದು ಒಳ್ಳೆಯದು.

ಈಗ ನೆಲಕ್ಕೆ ಬರೋಣ. ಮಧ್ಯೆ 3 ಮಿ.ಮೀ. ಸ್ಪೇಸರ್ ಇಟ್ಟು ಒಂದು ಮೂಲೆಯಿಂದ ಹಾಸುತ್ತ ಹೋದರೆ ಉದ್ದಕ್ಕೆ ಆರು, ಅಗಲಕ್ಕೆ ಐದು ಇಡೀ ಟೈಲ್ಸ್ ಕೂರುತ್ತವೆ. ಆಮೇಲೆ ಒಂದು ಗೋಡೆಯ ಪಕ್ಕ 40 ಮಿ.ಮೀ., ಇನ್ನೊಂದರ ಪಕ್ಕ 33 ಮಿ.ಮೀ. ಖಾಲಿ ಉಳಿಯುತ್ತದೆ. ಅಲ್ಲಿಗೆ ಬೇಕಾದ ಪಟ್ಟಿಗಳೆಲ್ಲ ಒಂದೇ ಟೈಲ್ಸಿನಲ್ಲಿ ಹುಟ್ಟುತ್ತವೆ, ನಿಜ. ಆದರೆ ಇಷ್ಟು ಸಣ್ಣ ಪಟ್ಟಿ ಕತ್ತರಿಸುವಾಗಲೇ ಮುರಿಯುತ್ತದೆ. ಗೋಡೆ 12 ಮಿ.ಮೀ. ಸೊಟ್ಟಗಿದ್ದರೆ 33ರ ಪಟ್ಟಿ ಆ ತುದಿಗೆ ಹೋಗುವಷ್ಟರಲ್ಲಿ 21 ಆಗಿ, ಸೊಟ್ಟ ಎದ್ದು ಕಾಣುತ್ತದೆ. ಇದರ ಮೇಲೆ ಸ್ಕರ್ಟಿಂಗ್, ಅಂದರೆ ಗೋಡೆಯ ಬುಡಕ್ಕೆ ಅಂಟಿಸುವ ಪಟ್ಟಿ. ಕೋಣೆಯ ಸುತ್ತಳತೆ 44 ಅಡಿ, ಬಾಗಿಲಿಗೆ ಮೂರು ಕಳೆದರೆ 41. ನಾಲ್ಕಿಂಚಿನ ಪಟ್ಟಿ ಟೈಲ್ಸಿಗೆ ಐದು ಬರುತ್ತದೆ. ಐದು ಟೈಲ್ಸ್ ಬೇಕು. 30, 1, 5 ಕೂಡಿದರೆ 36, ಸರಿಯಾಗಿ 9 ಬಾಕ್ಸ್. ಒಂದೂ ಒಡೆಯಬಾರದು! ಆದ್ದರಿಂದ 10 ಎನ್ನಿ.

ಒಳ್ಳೆಯ ಮೇಸ್ತ್ರಿ ಹೀಗೆ ಹಾಸಲು ಒಪ್ಪುವುದಿಲ್ಲ. ಕೋಣೆಯ ನಡುವಿನಿಂದ ಗೆರೆ ಹೊಡೆದು, ಎದುರುಬದುರು ಗೋಡೆಗಳ ಪಕ್ಕ ಸಮನಾದ ತುಂಡು ಬರುವಂತೆ ಹೊಂದಿಸುತ್ತಾನೆ. ಆಗ ನಾಲ್ಕೂ ಕಡೆ ಸುಮಾರು 320 ಮಿ.ಮೀ. ತುಂಡು. ಉಳಿಕೆ 280, ಇನ್ನೊಂದು ತುಂಡಿಗೆ ಸಾಲದು. ಪ್ರತಿ ತುಂಡಿಗೂ ಹೊಸ ಟೈಲ್ಸ್ ಒಡೆಯಬೇಕು. ಏಳು ಸಾಲು, ಸಾಲಿಗೆ ಆರು, ಒಟ್ಟು 42. ಆದರೆ ಆ 280ರ ಉಳಿಕೆಗಳಲ್ಲಿ ತಲಾ ಎರಡು ಸ್ಕರ್ಟಿಂಗ್ ಪಟ್ಟಿ ಬರುವುದರಿಂದ ಆ ಖರ್ಚು ಪೂರ್ತಿ ತಪ್ಪುತ್ತದೆ. 11 ಬಾಕ್ಸ್ ತಂದರೆ ಒಡೆದದ್ದಕ್ಕೆ ಎರಡು ಟೈಲ್ಸ್ ಕೈಯಲ್ಲಿರುತ್ತವೆ.

ಚದರ ಅಡಿಗೆ 50 ರೂಪಾಯಿ ಎಂದಿಟ್ಟುಕೊಂಡರೆ 10 ಬಾಕ್ಸಿಗೆ 7,750, 11ಕ್ಕೆ 8,525. ಅಂದವಾದ ನೆಲಕ್ಕೆ 775 ರೂಪಾಯಿ ಹೆಚ್ಚು. ನನ್ನ ಮಟ್ಟಿಗೆ ಅದು ದುಬಾರಿಯಲ್ಲ. 16ರ ಲೆಕ್ಕದಲ್ಲಿ ಬಿಲ್ ಬಂದರೆ ಮಾತ್ರ ಅದೇ 11 ಬಾಕ್ಸಿಗೆ 8,800 ಕೊಡಬೇಕು. 275 ರೂಪಾಯಿ ಗಾಳಿಗೆ. ಎಲ್ಲರೂ ಹೇಳುವ ‘ಶೇ. 10 ವೇಸ್ಟೇಜ್’ ಸೂತ್ರ ಹಿಡಿದರೆ, ಸ್ಕರ್ಟಿಂಗ್ ಸೇರಿಸಿಯೂ ಸಿಗುವುದು 10 ಬಾಕ್ಸ್, 40 ಟೈಲ್ಸ್. ನಡುವಿನಿಂದ ಹಾಸುವವನಿಗೆ ಎರಡು ಕಡಿಮೆ.

ಇಷ್ಟೆಲ್ಲ ಲೆಕ್ಕವನ್ನು ಒಂದಿಂಚು ತಲೆಕೆಳಗು ಮಾಡಬಲ್ಲದು. 12 ಬೈ 10 ಎಂಬುದು ಪ್ಲ್ಯಾನಿನಲ್ಲಿರುವ ಇಟ್ಟಿಗೆಯಿಂದ ಇಟ್ಟಿಗೆಗಿನ ಅಳತೆಯಾದರೆ, ಪ್ಲ್ಯಾಸ್ಟರ್ ಪ್ರತಿ ಗೋಡೆಗೂ 12 ಮಿ.ಮೀ. ನುಂಗುತ್ತದೆ. ಆಗ ಇಡೀ ಟೈಲ್ಸ್ 30 ಹಾಸಿದ ಮೇಲೆ ಉಳಿಯುವ ಸಂದು ಪ್ರತಿ ಬದಿಗೂ 10 ಮಿ.ಮೀ. ಒಳಗೆ. ಸ್ಕರ್ಟಿಂಗ್ ಟೈಲ್ಸಿನ ದಪ್ಪ, ಅದರ ಹಿಂದಿನ ಅಂಟು ಸೇರಿ ಅದನ್ನು ಮುಚ್ಚಿಬಿಡುತ್ತವೆ. ನೆಲಕ್ಕೆ ಒಂದು ಕಟಿಂಗ್ ಕೂಡ ಇಲ್ಲ; 35 ಟೈಲ್ಸ್, 9 ಬಾಕ್ಸಿನಲ್ಲಿ ಒಂದು ಉಳಿಕೆ. ಹಾಗಾಗಿ ಟೇಪ್ ಹಿಡಿಯುವುದು ಪ್ಲ್ಯಾಸ್ಟರ್ ಒಣಗಿದ ಮೇಲೆ, ಅದೂ ಕೋಣೆಯ ಎರಡೂ ತುದಿಗಳಲ್ಲಿ.

ಯಾವ ಲೆಕ್ಕ ಹಿಡಿದರೂ ಒಂದು ಬಾಕ್ಸ್ ಹೆಚ್ಚಿಗೆ ಬೇಕು. ಒಂದೇ ಡಿಸೈನ್ ಆದರೂ ಬ್ಯಾಚ್ ಬದಲಾದಂತೆ ಬಣ್ಣ ಕೊಂಚ ಬದಲಾಗುತ್ತದೆ; ಮುಂದೆ ಒಂದು ಒಡೆದರೆ ಅದೇ ಬಣ್ಣ ಸಿಗಲಿಕ್ಕಿಲ್ಲ. ಎಲ್ಲ ಬಾಕ್ಸಿನ ಮೇಲೂ ಬ್ಯಾಚ್ ಮತ್ತು ಶೇಡ್ ನಂಬರ್ ಒಂದೇ ಇದೆಯೇ ಎಂದು ಲಾರಿಯಿಂದ ಇಳಿಸುವಾಗಲೇ ನೋಡಿಕೊಳ್ಳಿ.