ಮುಪ್ಪಿನ ಮನೋವ್ಯಾಧಿಯೂ ವಿಮೆಯೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನುಡಿದು ನಾವು ಹಿರಿಯರ ಮನೋವ್ಯಾಧಿಯನ್ನು ಉಪೇಕ್ಷಿಸುವುದುಂಟು. ಅನ್ನನಿದ್ರೆಗಳಲ್ಲಿ ಅರುಚಿ, ಮೌನ, ನಿಷ್ಕಾರಣವಾದ ಶಂಕೆ—ಇವು ವಾರ್ಧಕ್ಯದ ಸಹಜಧರ್ಮಗಳಲ್ಲ. ಚಿಕಿತ್ಸೆಗೆ ಅರ್ಹವಾದ ರೋಗದ ಚಿಹ್ನೆಗಳಾಗಿರಬಹುದು.

ದೇಹರೋಗಕ್ಕಿರುವಂತೆಯೇ ಮನೋರೋಗಕ್ಕೂ ವಿಮೆಯಿರತಕ್ಕದ್ದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯು ವಿಧಿಸಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆಯುಷ್ಮಾನ್ ಭಾರತ ಯೋಜನೆಯನ್ನು, ಬಡವ ಬಲ್ಲಿದರೆಂಬ ಭೇದವೆಣಿಸದೆ, 70 ವರ್ಷ ತುಂಬಿದವರೆಲ್ಲರಿಗೂ ವಿಸ್ತರಿಸಿತು. ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ಮಿತಿ. ಮನೋರೋಗದ ಚಿಕಿತ್ಸೆಯೂ ಅದರಲ್ಲಿ ಸೇರಿದೆ.

ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಈ ವಿಮೆಯು ಆಸ್ಪತ್ರೆಯಲ್ಲಿ ದಾಖಲಾದವರಿಗೆ ಮಾತ್ರ. ಮನೆಗೆ ಮರಳಿದ ಮೇಲೆ 15 ದಿನಗಳ ಔಷಧದೊಡನೆ ಅದು ಮುಗಿಯುತ್ತದೆ. ಮುಪ್ಪಿನ ಖಿನ್ನತೆಯಾದರೋ ಬಹುಮಟ್ಟಿಗೆ ಮನೆಯಲ್ಲಿದ್ದುಕೊಂಡೇ, ತಿಂಗಳುಗಟ್ಟಲೆ ಔಷಧ ಸೇವಿಸಿ ಗುಣಪಡಿಸಿಕೊಳ್ಳತಕ್ಕದ್ದು. ಹಾಸಿಗೆ ಹಿಡಿದವರಿಗೆ ಒದಗುವ ನೆರವು ಜಗಲಿಯ ಮೇಲೆ ಕೊರಗುವವರಿಗೆ ಒದಗದು.

ಈ ಕೊರತೆಯನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಕೆಲಮಟ್ಟಿಗೆ ನೀಗುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಅದಕ್ಕೆ ಮೇಲ್ಪಂಕ್ತಿ. ಆದುದರಿಂದ ಗೃಹಸ್ಥರು ವಿಮೆಯ ಚೀಟಿಯೊಂದನ್ನೇ ನೆಚ್ಚಿ ಕೂರದೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಸಕಾಲದಲ್ಲಿ ಕಾಣುವುದು ಲೇಸು. ಹಿರಿಯರ ಮೌನವನ್ನು ಮೊದಲು ಗಮನಿಸಬೇಕಾದವರು ಮನೆಯವರಾದ ನಾವೇ.