ಮೇನ್ ಆಫ್ ಮಾಡಿದರೂ ನಿಲ್ಲದ ಕರೆಂಟು

ಜಯನಗರದ ಹಳೆಯ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿ ಮೆಟ್ಟಿಲ ಕೆಳಗಿನ ಮೂಲೆ ಸೇರಿರುತ್ತದೆ. ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಓಡಾಡುವ ಕಾರಿಡಾರಿನಲ್ಲೇ. ಬರೀ 12 ವೋಲ್ಟ್, ಮುಟ್ಟಿದರೂ ಶಾಕ್ ಹೊಡೆಯದು. ಹಾಗಾಗಿ ಅದಕ್ಕೆ ಯಾರೂ ಹೆದರುವುದಿಲ್ಲ. ಬೆಂಕಿಯ ಲೆಕ್ಕವೇ ಬೇರೆ.

ಫ್ಯಾನು, ದೀಪ, ಟಿವಿ ಸೇರಿ 600 ವ್ಯಾಟ್ ಎನ್ನೋಣ. ಬೆಸ್ಕಾಂನ 230 ವೋಲ್ಟಿನಲ್ಲಿ ಅದಕ್ಕೆ ಮೂರು ಆಂಪಿಯರ್ ಕೂಡ ಬೇಡ. ಅದೇ ಹೊರೆ ಬ್ಯಾಟರಿಯ ಮೇಲೆ ಬಿದ್ದರೆ 50 ಆಂಪಿಯರ್; ಇನ್ವರ್ಟರಿನೊಳಗಿನ ನಷ್ಟ ಸೇರಿ ಸುಮಾರು 60. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಟರ್ಮಿನಲ್ಲಿನ ನಟ್ಟು ಸಡಿಲಾಗಿ, ಕಿಲುಬು ಕಟ್ಟಿ, ಅಲ್ಲಿ ಓಮಿನ ನೂರನೇ ಒಂದು ಪಾಲು ರೋಧ ಹುಟ್ಟಿದರೆ ಸಾಕು: 60 ಗುಣಿಸು 60, ಅದರ ನೂರನೇ ಒಂದು ಭಾಗ, 36 ವ್ಯಾಟ್. ಮೊಬೈಲ್ ರಿಪೇರಿ ಅಂಗಡಿಯ ಸೋಲ್ಡರಿಂಗ್ ಐರನ್ನಿನಷ್ಟು ಶಾಖ, ಹೆಬ್ಬೆರಳ ಗಾತ್ರದ ಜಾಗದಲ್ಲಿ, ಕರೆಂಟು ಬರುವವರೆಗೂ.

ಕೇಬಲ್ಲಿನ ಹೊದಿಕೆ ಕರಗಿ ಪ್ಲಸ್, ಮೈನಸ್ ತಾಗಿದರೆ ಶಾರ್ಟ್. 150 ಆಂಪಿಯರ್-ಅವರ್ ಬ್ಯಾಟರಿಯ ಒಳರೋಧ ಕೆಲವೇ ಮಿಲಿಓಮ್; ಹರಿಯುವ ಕರೆಂಟು ಸಾವಿರ ಆಂಪಿಯರ್ ದಾಟಬಲ್ಲದು. ಗೋಡೆಯ ಎಂಸಿಬಿ, ಅಂದರೆ ಮಿತಿಮೀರಿದ ಕರೆಂಟಿಗೆ ತಾನೇ ಬೀಳುವ ಸ್ವಿಚ್ಚು, ಈ ದಾರಿಯಲ್ಲೇ ಇಲ್ಲ. ಇನ್ವರ್ಟರಿನೊಳಗಿನ ಫ್ಯೂಸ್ ಕೇಬಲ್ಲಿನ ಆಚೆ ತುದಿಯಲ್ಲಿದೆ. ಈಚೆಗೆ ಆದದ್ದು ಅದಕ್ಕೆ ತಿಳಿಯದು. ಗಾಬರಿಯಲ್ಲಿ ಮೇನ್ ಆಫ್ ಮಾಡಿದರೆ ಬೆಸ್ಕಾಂ ಕರೆಂಟು ನಿಲ್ಲುತ್ತದೆ, ಬ್ಯಾಟರಿಯದಲ್ಲ.

ಮನೆಯೊಳಗಿನ ವೈರಿಂಗ್‌ನಲ್ಲೂ ಎಂಸಿಬಿಯ ಭರವಸೆ ಅರ್ಧಂಬರ್ಧ. 16 ಆಂಪಿಯರಿನ 'ಸಿ' ಮಾದರಿಯದು ತಕ್ಷಣ ಬೀಳಲು 80ರಿಂದ 160 ಆಂಪಿಯರ್ ಬೇಕು. 900 ವಿಎ ಇನ್ವರ್ಟರ್ ಸತತವಾಗಿ ಕೊಡಬಲ್ಲದ್ದು ನಾಲ್ಕು! ಕರೆಂಟು ಹೋದಾಗ ಕಾವಲು ಇನ್ವರ್ಟರಿನ ಎಲೆಕ್ಟ್ರಾನಿಕ್ಸ್‌ನದೇ. ಆದರೂ ಎಂಸಿಬಿ ತೆಗೆಯುವಂತಿಲ್ಲ: ಬೆಸ್ಕಾಂ ಇದ್ದಾಗ ಇನ್ವರ್ಟರ್ ಆ ಕರೆಂಟನ್ನೇ ಒಳಗೆ ದಾಟಿಸುತ್ತದೆ.

ಈಗ ಫ್ರಿಜ್ಜೂ ಇನ್ವರ್ಟರ್ ಲೈನಿಗೆ ಬರುತ್ತಿದೆ. ಬ್ಯಾಟರಿ ಎರಡಾಗುತ್ತಿದೆ, ಕೇಬಲ್ ಹಳೆಯದೇ.

ಪರಿಹಾರ ದುಬಾರಿಯಲ್ಲ. ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ ಆದಷ್ಟು ಹತ್ತಿರ, ಕೇಬಲ್ ತಾಳುವ ಮಿತಿಯೊಳಗಿನ, ಡಿಸಿಗೆಂದೇ ತಯಾರಾದ ಫ್ಯೂಸ್ ಹಾಕಿಸಬೇಕು. ಮಾಮೂಲಿ ಎಸಿ ಎಂಸಿಬಿ ಇಲ್ಲಿಗೆ ಸಲ್ಲ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ ಕಿಡಿ ತಾನೇ ಆರುತ್ತದೆ, ಡಿಸಿಯಲ್ಲಿ ಆ ಬಿಡುವಿಲ್ಲ. 48 ವೋಲ್ಟಿನ ಬ್ಯಾಟರಿ ಸಾಲಿನಲ್ಲಿ ಇದು ಇನ್ನೂ ಗಂಭೀರ.

ಸಡಿಲ ನಟ್ಟನ್ನು ಮಾತ್ರ ಫ್ಯೂಸೂ ಹಿಡಿಯದು, ಏಕೆಂದರೆ ಅಲ್ಲಿ ಕರೆಂಟು ಹೆಚ್ಚೇನೂ ಆಗಿರುವುದಿಲ್ಲ. ಕರೆಂಟು ಹೋಗಿ ಅರ್ಧ ಗಂಟೆಯಾದ ಮೇಲೆ ಕೇಬಲ್ಲಿನ ಹೊದಿಕೆಯ ಹತ್ತಿರ ಕೈ ಒಡ್ಡಿ ನೋಡಿ. ಒಂದು ತುದಿ ಇನ್ನೊಂದಕ್ಕಿಂತ ಬಿಸಿಯಿದ್ದರೆ ಎಲೆಕ್ಟ್ರೀಷಿಯನ್ ಬರುವವರೆಗೆ ಇನ್ವರ್ಟರ್ ಆಫ್ ಇರಲಿ.