ಮೂಸೆಯ ಉಕ್ಕು ಮತ್ತು ಸಹಕಾರಿ ಸಂಶೋಧನೆಯ ಪೂರ್ವೇತಿಹಾಸ

ಲೋಹವನ್ನು ಕತ್ತರಿಸುವ ಉಪಕರಣಗಳ ತಯಾರಕನೂ ವಿದ್ಯಾಪೀಠದ ವಿಜ್ಞಾನಿಯೂ ಒಂದೇ ಪ್ರಯೋಗಶಾಲೆಯಲ್ಲಿ ಕೂಡಿ ದುಡಿಯುವುದು ಇತ್ತೀಚಿನ ಪದ್ಧತಿಯೆಂದು ಸಾಮಾನ್ಯವಾದ ಭಾವನೆ. ಇದಕ್ಕೆ ಇಂಗ್ಲೆಂಡಿನ ಷೆಫೀಲ್ಡ್ ನಗರವನ್ನು ನಿದರ್ಶನವಾಗಿ ಕೊಡುವುದುಂಟು. ಅಲ್ಲಿನ ವಿಶ್ವವಿದ್ಯಾನಿಲಯವೂ ಬೋಯಿಂಗ್ ವಿಮಾನ ಸಂಸ್ಥೆಯೂ ಸೇರಿ 2001ರಲ್ಲಿ ತಯಾರಿಕಾ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿದುವು. ಅದರ ಮೂಲಪುರುಷರಿಬ್ಬರಲ್ಲಿ ಕೀತ್ ರಿಡ್ಜ್‌ವೇ ಪ್ರಾಧ್ಯಾಪಕರು. ಏಡ್ರಿಯನ್ ಆಲನ್ ಅವರು ಟೆಕ್ನಿಕಟ್ ಎಂಬ ಕತ್ತರಿಸುವ ಉಪಕರಣಗಳ ಕಾರ್ಖಾನೆಯಿಂದ ಬಂದವರು. ನಮ್ಮಲ್ಲಿಯೂ 1962ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆ ಇದೇ ಬಗೆಯ ಉದ್ದೇಶದಿಂದ ಹುಟ್ಟಿತು. ಆ ರಸ್ತೆಯೇ ಮುಂದುವರಿದು ಹಿರಿಯೂರನ್ನು ಹಾದು ಚಿತ್ರದುರ್ಗವನ್ನು ಸೇರುತ್ತದೆ. ನಾವು ಪ್ರಕೃತ ಹೇಳಹೊರಟಿರುವ ಕಥೆಗೂ ಈ ಸೀಮೆಗೂ ಇರುವ ನಂಟು ಅದಕ್ಕಿಂತ ಬಹಳ ಹಳೆಯದು.

ಹೊಳಲ್ಕೆರೆ, ಹೊಸದುರ್ಗಗಳ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದುರು ಹೇರಳವಾಗಿದೆ. 1801ರಲ್ಲಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಹೊಸದುರ್ಗ ಸೀಮೆಯ ಮತ್ತೋಡಿನ ಬಳೆಗಾಜಿನ ಕುಲುಮೆಗಳನ್ನು ವರ್ಣಿಸಿ, ಹತ್ತಿರದ ದೊರೆಗುಡ್ಡದ ಕಬ್ಬಿಣದ ಗಣಿಯನ್ನೂ ನೋಡಿ ಬರೆದಿದ್ದಾನೆ. ಕಂಪೆನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನನು 1814ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಿತ್ರದುರ್ಗದ ಕಡೆ ಉಕ್ಕು ಮಾಡುತ್ತಿದ್ದ ಸಂಗತಿ ಬಂದಿದೆ. ಮೈಸೂರು ಸೀಮೆಯ ಕ್ರಮ ಹೀಗೆ: ಮೊದಲು ಅದುರನ್ನು ಇದ್ದಿಲಿನೊಡನೆ ಕಾಯಿಸಿ, ಬಡಿದು, ಮೆದು ಕಬ್ಬಿಣವನ್ನು ಪಡೆಯುತ್ತಿದ್ದರು. ಅದರ ತುಂಡುಗಳನ್ನು ತಂಗಡಿಯ ಕಟ್ಟಿಗೆ ಮತ್ತು ಹಸಿಯ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ, ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಜೋಡಿಸಿ ತಿದಿಯೊತ್ತುತ್ತಿದ್ದರು. ಗಾಳಿಯಾಡದ ಮೂಸೆಯೊಳಗೆ ಕಟ್ಟಿಗೆಯ ಇಂಗಾಲವನ್ನು ಕಬ್ಬಿಣ ಹೀರಿಕೊಳ್ಳುತ್ತದೆ. ಇಂಗಾಲ ಸೇರಿದಂತೆ ಕರಗುವ ಉಷ್ಣತೆಯೂ ಇಳಿಯುವುದರಿಂದ ಲೋಹ ಕರಗಿ ಉಂಡೆಯಾಗುತ್ತದೆ. ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಗಾಲವುಳ್ಳ ಈ ಉಕ್ಕಿನಿಂದ ಕಲ್ಲುಕುಟಿಗರ ಉಳಿಗಳೂ ಕತ್ತಿಯ ಅಲಗುಗಳೂ ಆಗುತ್ತಿದ್ದುವು. ಚಿತ್ರದುರ್ಗದ ಕೋಟೆಯಲ್ಲಿ ಬಂಡೆ ಸೀಳಲು ಸಾಲಾಗಿ ಕೊರೆದ ಕುಳಿಗಳನ್ನು ಕಂಡವರಿಗೆ ಉಳಿಯ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಯೂರೋಪಿನಲ್ಲಿ ಇದು ‘ವೂಟ್ಜ್’ ಎಂದು ಹೆಸರಾಯಿತು. ನಮ್ಮ ‘ಉಕ್ಕು’ ಶಬ್ದವೇ ಹೀಗೆ ಕೆಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಮತ. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟನು ಇದರ ಮಾದರಿಗಳನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. (ಅವನ್ನು ಚಿತ್ರದುರ್ಗದವೆಂದು ಅಭಿಮಾನದಿಂದ ಹೇಳಿಕೊಳ್ಳುವುದು ಇತಿಹಾಸದ ಕೆಲಸವಲ್ಲ.) ಜಾರ್ಜ್ ಪಿಯರ್ಸನ್ ಅವನ್ನು ಪರೀಕ್ಷಿಸಿ 1795ರಲ್ಲಿ ಪ್ರಬಂಧವನ್ನೋದಿದನು. ಆಗ ಲೋಹವನ್ನು ಬಡಿದು ಚಾಕು ಮಾಡಿಕೊಟ್ಟವನು ಜೇಮ್ಸ್ ಸ್ಟೋಡರ್ಟ್. ಲಂಡನ್ನಿನಲ್ಲಿ ಶಸ್ತ್ರವೈದ್ಯರ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡಿ ಮಾರುತ್ತಿದ್ದ ವರ್ತಕ. ಇವನು ಈ ಉಕ್ಕಿಗೆ ಮನಸೋತು, ತನ್ನ ಅಂಗಡಿಯ ಚೀಟಿಯಲ್ಲಿಯೇ ಅದರ ಹೆಸರನ್ನು ಅಚ್ಚುಹಾಕಿಸಿದನು. ಆದರೆ ಕುರುಡು ಮೆಚ್ಚುಗೆ ಇವನದಲ್ಲ. ಉಂಡೆಯಲ್ಲಿ ಲೋಹ ಒಂದೇ ಸಮನಾಗಿಲ್ಲ, ಸೂಕ್ಷ್ಮವಾದ ಅಲಗಿಗೆ ಇನ್ನೊಮ್ಮೆ ಪೂರ್ಣವಾಗಿ ಕರಗಿಸಬೇಕು ಎಂದು ಹೈನನಿಗೆ ತಿಳಿಸಿದವನೂ ಇವನೇ.

1818ರಲ್ಲಿ ಸ್ಟೋಡರ್ಟನು ರಾಯಲ್ ಇನ್‌ಸ್ಟಿಟ್ಯೂಷನ್ನಿನ ತರುಣ ಮೈಕೆಲ್ ಫ್ಯಾರಡೆಯೊಡನೆ ಉಕ್ಕಿನ ಮಿಶ್ರಲೋಹಗಳ ಪರೀಕ್ಷೆಗೆ ತೊಡಗಿದನು. ಬೆಳ್ಳಿ, ಪ್ಲಾಟಿನಮ್, ರೋಡಿಯಮ್‌ಗಳನ್ನು ಬೆರೆಸಿ ಕರಗಿಸುವುದು, ಬಡಿಯುವುದು, ಅಲಗು ಕಟ್ಟಿ ನೋಡುವುದು: ಇದು ಐದು ವರ್ಷ ನಡೆಯಿತು. 1820 ಮತ್ತು 1822ರ ಪ್ರಬಂಧಗಳಲ್ಲಿ ವರ್ತಕನ ಹೆಸರು ವಿಜ್ಞಾನಿಯ ಹೆಸರಿಗಿಂತ ಮುಂದೆಯೇ ಇದೆ. ಹಿರಿಯ ಪ್ರಮಾಣದ ಪ್ರಯೋಗಗಳನ್ನು ಷೆಫೀಲ್ಡಿನಲ್ಲಿ ಮಾಡಿಸಿದರು. 1823ರಲ್ಲಿ ಸ್ಟೋಡರ್ಟನು ತೀರಿಕೊಂಡನು. ಕೆಲಸವೂ ಬಹುಬೇಗ ನಿಂತಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪಿಯರ್ಸನ್ನನು ಈ ಉಕ್ಕು ನೇರವಾಗಿ ಅದುರಿನಿಂದಲೇ ಆದದ್ದು, ನಡುವೆ ಮೆದು ಕಬ್ಬಿಣದ ಸ್ಥಿತಿಯೇ ಇಲ್ಲ ಎಂದು ತೀರ್ಮಾನಿಸಿದ್ದನು. ಅದು ತಪ್ಪು, ಕುಲುಮೆಯ ಮುಂದೆ ನಿಂತು ಒಂದು ಮಾತು ಕೇಳಿದ್ದರೆ ತಿದ್ದಿಹೋಗುತ್ತಿದ್ದ ತಪ್ಪು. ಫ್ಯಾರಡೆಯಂಥ ಮೇಧಾವಿ ಕೂಡ 1819ರಲ್ಲಿ ಉಕ್ಕಿನ ಗುಣಕ್ಕೆ ಅಲ್ಯುಮಿನಿಯಮಿನ ಅಂಶವೇ ಕಾರಣವೆಂದು ಎಣಿಸಿ ದಾರಿತಪ್ಪಿದನು. ಮುಖ್ಯ ಕಾರಣ ಇಂಗಾಲ. ಅಲಗಿನ ಮೇಲಿನ ನೀರಲೆಯಂಥ ಗೆರೆಗಳಿಗೆ ಅದುರಿನಲ್ಲಿ ಬರುವ ವೆನೇಡಿಯಮಿನಂಥ ಧಾತುಗಳ ಅತ್ಯಲ್ಪಾಂಶವೂ ಬೇಕೆಂದು 1998ರಲ್ಲಿ ವರ್ಹೋವೆನ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ಆ ಸಹೋದ್ಯೋಗಿಗಳಲ್ಲಿ ಪೆಂಡ್ರೇ ಎಂಬವರು ಕಮ್ಮಾರರು!

ಲಂಡನ್ನಿನ ಕೈಕಸುಬಿನವನಿಗೆ ಪ್ರಬಂಧದಲ್ಲಿ ಸ್ಥಾನ ದೊರೆಯಿತು. ಮೂಸೆ ಮುಚ್ಚಿದವನ ವಸ್ತು ಮಾತ್ರ ಹೋಯಿತು, ತಿಳಿವಳಿಕೆ ಹೋಗಲಿಲ್ಲ. ಕೇವಲ ದಾಸ್ಯದಿಂದ ಹೀಗಾಯಿತೆಂದರೆ ಸಾಲದೆಂದು ನಮಗೆ ತೋರುತ್ತದೆ. ಹೈನ್, ಬುಕಾನನ್ನರ ವರದಿಗಳು ಫ್ಯಾರಡೆ ಕೆಲಸ ಆರಂಭಿಸುವ ಮೊದಲೇ ಅಚ್ಚಾಗಿದ್ದುವು. ಪ್ರವಾಸಿಯ ಪುಸ್ತಕವನ್ನು ಪ್ರಯೋಗದ ಸಾಕ್ಷ್ಯವೆಂದು ಎಣಿಸುವ ಅಭ್ಯಾಸ ರಸಾಯನಜ್ಞರಿಗೆ ಇರಲಿಲ್ಲ.

ಫ್ಯಾರಡೆಯ ಮಾದರಿಗಳಿದ್ದ ಮರದ ಪೆಟ್ಟಿಗೆ ಬಹುಕಾಲ ಮರೆತುಹೋಗಿದ್ದಿತು. ಷೆಫೀಲ್ಡಿನ ಉಕ್ಕಿನ ಉದ್ಯಮಿ ರಾಬರ್ಟ್ ಹ್ಯಾಡ್‌ಫೀಲ್ಡ್ ಅದರಲ್ಲಿದ್ದ 79 ತುಂಡುಗಳನ್ನು ಪರೀಕ್ಷಿಸಿ 1931ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ನಮ್ಮ ಕುಲುಮೆಗಳ ನೆಲೆಯಲ್ಲಿ ಉಳಿಯುವುದು ಕಿಟ್ಟ ಮತ್ತು ಒಡೆದ ಮೂಸೆಯ ಚೂರುಗಳು ಮಾತ್ರ. ಹೊಸದುರ್ಗ, ಹೊಳಲ್ಕೆರೆಯ ವಿದ್ಯಾರ್ಥಿಗಳು ತಮ್ಮ ಊರ ಹೊಲಗಳಲ್ಲಿ ಇಂಥವು ಕಂಡರೆ, ಸ್ಥಳವನ್ನು ಗ್ರಾಮದ ನಕ್ಷೆಯಲ್ಲಿ ಗುರುತಿಸಿ, ಚೂರನ್ನು ಇದ್ದಲ್ಲಿಯೇ ಬಿಟ್ಟು, ಮೊದಲು ಅಧ್ಯಾಪಕರಿಗೆ ತಿಳಿಸಬೇಕು. ಮೂಸೆಯ ಒಳಮೈಗೆ ಅಂಟಿದ ಗಾಜಿನಂಥ ಪದರವೂ ಪರೀಕ್ಷೆಗೆ ಬೇಕಾದದ್ದು; ಅದನ್ನು ತೊಳೆಯಲು, ಕೆರೆಯಲು ಹೋಗಬಾರದು.